ಬೇವು ಯಾವುದು, ಹುಚ್ಚುಬೇವು ಯಾವುದು

ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಭಕ್ತರು ಪವಿತ್ರವೆಂದು ಭಾವಿಸುವ ಬೇವಿಗೂ, ಮೇಲ್ನೋಟಕ್ಕೆ ಅದರ ಸಹೋದರನಂತೆ ತೋರುವ ಹುಚ್ಚುಬೇವಿಗೂ ಇರುವ ಅಂತರವನ್ನರಿಯದೆ ಎರಡನ್ನೂ ಔಷಧವೆಂದೇ ನಂಬುವುದು ಅಪಾಯಕರವಾದುದು; ಏಕೆಂದರೆ ಎರಡನೆಯದರ ಹಣ್ಣು ಮನುಷ್ಯರಿಗೆ ವಿಷ. ಶಾಸ್ತ್ರೀಯ ನಾಮಗಳೂ ಈ ಭ್ರಾಂತಿಯನ್ನು ಬೆಳೆಸಿವೆ: 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನೀಯಸನು ಬೇವನ್ನು ಮೆಲಿಯ ಅಜಾಡಿರಾಕ್ಟ ಎಂದೂ ಇನ್ನೊಂದನ್ನು ಮೆಲಿಯ ಅಜೆಡರಾಕ್ ಎಂದೂ ಕರೆದನು, 1830ರಲ್ಲಿ ಫ್ರೆಂಚ್ ಸಸ್ಯಶಾಸ್ತ್ರಜ್ಞ ಜೂಸ್ಯೂ ಬೇವನ್ನು ಪ್ರತ್ಯೇಕ ಕುಲಕ್ಕೆ ಸೇರಿಸಿ ಅಜಾಡಿರಾಕ್ಟ ಇಂಡಿಕ ಎಂದು ಹೆಸರಿಟ್ಟರೂ ಕಿವಿಗೆ ಗೊಂದಲವು ಉಳಿದೇ ಇದೆ. ಕಣ್ಣಿಗೆ ಮಾತ್ರ ಸಂದೇಹ ಬೇಕಿಲ್ಲ. ಬೇವಿನಲ್ಲಿ ಎಲೆದಂಟಿನ ಇಕ್ಕೆಲಗಳಲ್ಲಿಯೇ ಕಿರುಎಲೆಗಳು ಮೂಡುವುವು, ಹೂ ಬಿಳುಪು. ಹುಚ್ಚುಬೇವಿನಲ್ಲಿ ದಂಟು ಮತ್ತೆ ಕವಲೊಡೆದ ಮೇಲೆ ಕಿರುಎಲೆಗಳು, ಹೂವಿನಲ್ಲಿ ನಸುನೇರಿಳೆಯ ಛಾಯೆ. ಆದುದರಿಂದ ಸಸಿಗಳನ್ನು ಹಂಚುವ ನರ್ಸರಿಗಳು ಕನ್ನಡದ ಹೆಸರಿನೊಡನೆ ಶಾಸ್ತ್ರೀಯ ನಾಮವನ್ನೂ ಬರೆದು ಪ್ರತಿಯೊಂದು ಸಸಿಗೂ ಕಟ್ಟತಕ್ಕದ್ದು.