ನೋವನ್ನು ಎಣಿಸಿದ ಊರು

ಪುಣೆಯಿಂದ ಸೊಲ್ಲಾಪುರದ ಮಾರ್ಗವಾಗಿ ಕಲಬುರಗಿಗೆ ರೈಲಿನಲ್ಲಿ ಹೋಗುವ ನಮ್ಮ ವಿದ್ಯಾರ್ಥಿಗಳು, ದೌಂಡ್ ದಾಟಿದ ಮೇಲೆ ಭಿಗವಣ ಎಂಬ ನಿಲ್ದಾಣದ ಹೆಸರನ್ನು ಓದಿರಬಹುದು. ಬಾರಾಮತಿಗೆ ಸಮೀಪದಲ್ಲಿ, ಉಜನಿ ಜಲಾಶಯದ ಹಿನ್ನೀರಿನ ಬಳಿ ಇರುವ ಊರು ಇದು. ಚಳಿಗಾಲದಲ್ಲಿ ಅಲ್ಲಿಗೆ ಬರುವ ಫ್ಲೆಮಿಂಗೊ ಹಕ್ಕಿಗಳನ್ನು ಕಾಣಲು ಪುಣೆಯಿಂದ ಜನರು ತಂಡತಂಡವಾಗಿ ಹೋಗುವುದುಂಟು. ಆದರೆ ವೈದ್ಯಶಾಸ್ತ್ರದ ಸಂಶೋಧನೆಯಲ್ಲಿಯೂ ಈ ಊರು ಹೆಸರು ಪಡೆದಿದೆ ಎಂಬುದನ್ನು ಬಲ್ಲವರು ವಿರಳ.

1996ರಲ್ಲಿ ಪುಣೆಯ ಸಂಧಿರೋಗ ತಜ್ಞರಾದ ಡಾ. ಅರವಿಂದ ಚೋಪ್ರಾ ಅವರೂ ಅವರ ಸಂಗಡಿಗರೂ ಭಿಗವಣದಲ್ಲಿ ಒಂದು ಸಮೀಕ್ಷೆಯನ್ನು ಕೈಗೊಂಡರು. ವಿಶ್ವ ಆರೋಗ್ಯ ಸಂಸ್ಥೆಯೂ ಸಂಧಿರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟವೂ ಕೂಡಿ ರೂಪಿಸಿದ ‘ಕಾಪ್‌ಕಾರ್ಡ್’ ಎಂಬ ಯೋಜನೆಯ ಅಂಗವಾಗಿ ಇದು ನಡೆಯಿತು. ರೋಗಿಯು ಆಸ್ಪತ್ರೆಗೆ ಬರಲೆಂದು ಕಾಯದೆ, ತರಬೇತಿ ಹೊಂದಿದ ಕಾರ್ಯಕರ್ತರು ಮನೆಮನೆಗೆ ಹೋದರು. ನೋವು ಉಂಟೆ, ಎಲ್ಲಿ, ಎಂದಿನಿಂದ ಎಂದು ವಿಚಾರಿಸಿದರು; ನೋವಿನ ಜಾಗವನ್ನು ಮನುಷ್ಯಾಕೃತಿಯ ಚಿತ್ರದ ಮೇಲೆ ಗುರುತಿಸಿಕೊಂಡರು. ಬಳಿಕ ವೈದ್ಯರು ಅಂಥವರನ್ನು ಪರೀಕ್ಷಿಸಿದರು. 4,092 ವಯಸ್ಕರ ಪೈಕಿ 746 ಮಂದಿಗೆ, ಎಂದರೆ ಶೇಕಡ 18.2ರಷ್ಟು ಜನರಿಗೆ, ಕೀಲು ಅಥವಾ ಸ್ನಾಯುಗಳ ನೋವು ಇದ್ದುದು ತಿಳಿದುಬಂತು. ಸುಮಾರು 200 ಮಂದಿಗೆ ಒಬ್ಬರಂತೆ ರುಮಟಾಯ್ಡ್ ಸಂಧಿವಾತದಿಂದ ನರಳುತ್ತಿದ್ದರು.

ಈ ರೋಗವು ಉರಿಯೂತದ ರೋಗಗಳಲ್ಲಿ ಒಂದು. ಉರಿಯೂತವೆಂಬುದು ಸ್ವತಃ ಕೆಟ್ಟದ್ದಲ್ಲ. ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗವು ಕೆಂಪಗಾಗುತ್ತದೆ, ಬಿಸಿಯಾಗುತ್ತದೆ, ಬಾತುಕೊಳ್ಳುತ್ತದೆ, ನೋಯುತ್ತದೆ. ಈ ನಾಲ್ಕು ಲಕ್ಷಣಗಳನ್ನು ರೋಮನ್ ಲೇಖಕ ಸೆಲ್ಸಸ್ ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿಯೇ ಬರೆದಿಟ್ಟಿದ್ದಾನೆ. ದೇಹದ ಕಾವಲುಪಡೆ ಶತ್ರುವನ್ನು ಎದುರಿಸುವ ಬಗೆಯಿದು. ಆದರೆ ಕೆಲವರಲ್ಲಿ ಈ ಕಾವಲುಪಡೆಯೇ ತನ್ನವರನ್ನು ಪರಕೀಯರೆಂದು ಭ್ರಮಿಸಿ ಕೀಲುಗಳ ಒಳಪೊರೆಯ ಮೇಲೆ ಬೀಳುತ್ತದೆ. ಶತ್ರುವಿಲ್ಲದ ಆ ಯುದ್ಧ ತಾನಾಗಿ ನಿಲ್ಲುವುದು ಅಪರೂಪ. ಕ್ರಮೇಣ ಮೂಳೆ ಸವೆಯುತ್ತದೆ, ಬೆರಳು ಸೊಟ್ಟಗಾಗುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಈ ರೋಗ ಬರುವುದು ಹೆಚ್ಚು.

ಇದಕ್ಕೆ ಮದ್ದಿಲ್ಲವೆ? ಇದೆ. ಇಂದು ವೈದ್ಯರು ಮೊದಲು ಕೊಡುವ ಮೆಥೊಟ್ರೆಕ್ಸೇಟ್ ಎಂಬ ಔಷಧದ ಮೂಲದಲ್ಲಿ ನಮ್ಮ ದೇಶದವರೇ ಒಬ್ಬರಿದ್ದಾರೆ. ಭೀಮಾವರದಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾಯರ ನೇತೃತ್ವದಲ್ಲಿ, ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ 1940ರ ದಶಕದಲ್ಲಿ ಈ ಜಾತಿಯ ಔಷಧಗಳು ಸಿದ್ಧವಾದವು. ರಕ್ತದ ಕ್ಯಾನ್ಸರಿಗೆಂದು ಬಳಕೆಗೆ ಬಂದುದು ಮುಂದೆ ವಾರಕ್ಕೊಮ್ಮೆ ಅಲ್ಪಪ್ರಮಾಣದಲ್ಲಿ ಸಂಧಿವಾತಕ್ಕೂ ಉಪಯೋಗವಾಯಿತು. 1990ರ ದಶಕದಲ್ಲಿ ಲಂಡನ್ನಿನ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ, ಉರಿಯೂತವನ್ನು ಕೆರಳಿಸುವ ಒಂದೇ ಒಂದು ಪದಾರ್ಥವನ್ನು ತಡೆದರೆ ರೋಗ ತಗ್ಗುವುದೆಂದು ತೋರಿಸಿ, 2003ರಲ್ಲಿ ಲ್ಯಾಸ್ಕರ್ ಪ್ರಶಸ್ತಿ ಪಡೆದರು. ಆ ಬಗೆಯ ಔಷಧಗಳು ದುಬಾರಿ. ಅವಿತಿರುವ ಕ್ಷಯವನ್ನು ಅವು ಎಬ್ಬಿಸುವ ಭಯವೂ ಉಂಟು. ಆದುದರಿಂದ ಯಾವ ಮದ್ದೇ ಆಗಲಿ, ವೈದ್ಯರ ಕಣ್ಗಾವಲಿನಲ್ಲಿಯೇ ಸೇವಿಸತಕ್ಕದ್ದು.

ಆದರೆ ಈ ಎಲ್ಲ ಸಾಧನೆಗೂ ಒಂದು ಮಿತಿಯಿದೆ. ಸೊಟ್ಟಗಾದ ಬೆರಳನ್ನು ಯಾವ ಗುಳಿಗೆಯೂ ನೆಟ್ಟಗೆ ಮಾಡಲಾರದು. ರೋಗ ತೋರಿದ ಮೊದಲ ಕೆಲವು ತಿಂಗಳುಗಳಲ್ಲಿಯೇ ಚಿಕಿತ್ಸೆ ಆರಂಭವಾಗಬೇಕು. ನಮ್ಮ ಸೋದರತ್ತೆಯವರೊಬ್ಬರಿಗೆ ಬೆಳಗಿನ ಹೊತ್ತು ಕೈ ಬಿಗಿದು ಜೋಳದ ರೊಟ್ಟಿ ಬಡಿಯಲಾಗುತ್ತಿರಲಿಲ್ಲ. ‘ವಾಯು’ ಎಂದು ಎಣ್ಣೆ ತಿಕ್ಕಿದೆವು. ಬಳಿಕ ಯಾರೋ ಕೊಟ್ಟ ಹೆಸರಿಲ್ಲದ ಪುಡಿಯಿಂದ ನೋವು ಮಾಯವಾದಂತಾಯಿತು, ಮುಖ ಊದಿತು. ಅದರಲ್ಲಿ ಸ್ಟೀರಾಯ್ಡ್ ಇದ್ದಿರಬೇಕೆಂದು ಬಲ್ಲ ವೈದ್ಯರು ಹೇಳುವಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು. ಅತ್ತೆಯವರು ಇಂದಿಗೂ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು ಚಹ ಕುಡಿಯುತ್ತಾರೆ. ಅವರು ನೋವನ್ನು ಮುಚ್ಚಿಟ್ಟವರಲ್ಲ. ನಾವು ಸರಿಯಾಗಿ ಕೇಳಲಿಲ್ಲ, ಅಷ್ಟೆ.

‘ಕೀಲುನೋವಿನಿಂದ ಯಾರೂ ಸಾಯುವುದಿಲ್ಲ, ಬಡ ದೇಶಕ್ಕೆ ಇದಕ್ಕಿಂತ ದೊಡ್ಡ ಚಿಂತೆಗಳಿವೆ’ ಎಂದು ಕೆಲವರು ವಾದಿಸಬಹುದು. ಈ ವಾದ ನನಗೆ ಒಪ್ಪಿಗೆಯಿಲ್ಲ. ಕಳೆ ಕೀಳುವ, ಬಟ್ಟೆ ಒಗೆಯುವ, ಹೊಲಿಗೆಯಂತ್ರ ನಡೆಸುವ ಕೈ ನಿಂತರೆ ಒಂದು ಸಂಸಾರವೇ ನಿಂತಂತೆ. 2006ರ ಚಿಕುನ್‌ಗುನ್ಯಾ ಪಿಡುಗಿನಲ್ಲಿ ಕರ್ನಾಟಕವೊಂದರಲ್ಲಿಯೇ ಏಳು ಲಕ್ಷಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರೆಂದು ಸರಕಾರದ ಲೆಕ್ಕ. ಆ ರೋಗದಲ್ಲಿ ಜ್ವರವು ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಕೀಲುನೋವು ಮಾತ್ರ ಹಲವರನ್ನು ತಿಂಗಳುಗಟ್ಟಲೆ ಕಾಡುತ್ತದೆ. ಸಾವನ್ನು ಮಾತ್ರ ಎಣಿಸುವ ದೇಶಕ್ಕೆ ಇಂಥ ನಷ್ಟ ಕಣ್ಣಿಗೆ ಬೀಳದು. ಭಿಗವಣದ ಸಮೀಕ್ಷೆಯ ಹಿರಿಮೆ ಇಲ್ಲಿದೆ: ಅದು ಬದುಕಿರುವವರ ನೋವನ್ನು ಎಣಿಸಿತು.

ವಿದ್ಯಾರ್ಥಿಗಳೇ, ಇದರಲ್ಲಿ ನಿಮ್ಮ ಕರ್ತವ್ಯವೂ ಇದೆ. ನಿಮ್ಮಲ್ಲಿ ಅನೇಕರ ಅಜ್ಜಿಯರಿಗೆ ಕನ್ನಡವಲ್ಲದೆ ಬೇರೆ ಭಾಷೆ ಬಾರದು. ಈ ನಗರದ ವೈದ್ಯರಲ್ಲಿ ಬಹುಮಂದಿಗೆ ಕನ್ನಡ ಬಾರದು. ಸೆಳೆತ, ಚಳುಕು, ಜೋಮು, ಉರಿ, ಬಿಗಿತ, ಬಾವು ಎಂದು ಅಜ್ಜಿ ಬೇರೆಬೇರೆಯಾಗಿ ಹೇಳಿದ್ದನ್ನೆಲ್ಲ ನಾವು ವೈದ್ಯರ ಮುಂದೆ ‘ನೋವು’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಜೋಮಿನ ಕಾರಣ ಬೇರೆ, ಬಾವಿನ ಕಾರಣ ಬೇರೆ; ಮಾತು ತಪ್ಪಿದರೆ ಮದ್ದೂ ತಪ್ಪೀತು. ಕನ್ನಡವನ್ನೂ ಮರಾಠಿಯನ್ನೂ ಬಲ್ಲ ನೀವು ಆ ಮಾತುಗಳನ್ನು ಕೆಡದಂತೆ ದಾಟಿಸಬಲ್ಲಿರಿ. ಕನ್ನಡ ಕಲಿತು ಏನು ಪ್ರಯೋಜನ ಎಂದು ಕೇಳುವವರಿಗೆ ಇದೂ ಒಂದು ಉತ್ತರ.

ಈ ರಜೆಯಲ್ಲಿ ನಿಮ್ಮ ಮನೆಯ ಹಿರಿಯರನ್ನು ಮೂರು ಪ್ರಶ್ನೆ ಕೇಳಿರಿ. ಕೈಕಾಲಿನ ಕೀಲುಗಳು ಬಾತಿವೆಯೆ? ಬೆಳಗ್ಗೆ ಎದ್ದಾಗಿನ ಬಿಗಿತ ಅರ್ಧ ಗಂಟೆಗೂ ಮೀರಿ ಇರುತ್ತದೆಯೆ? ಎಷ್ಟು ವಾರಗಳಿಂದ ಹೀಗಿದೆ? ಅವರ ಮಾತಿನಲ್ಲಿಯೇ ಉತ್ತರವನ್ನು ಬರೆದುಕೊಳ್ಳಿರಿ. ಬಾವು, ಬಿಗಿತಗಳು ಆರು ವಾರ ದಾಟಿದ್ದರೆ ತಡಮಾಡದೆ, ಆ ಹಾಳೆಯೊಡನೆ ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಲು ತಂದೆತಾಯಿಯರಿಗೆ ಹೇಳಿರಿ.