ಗೋಡಿ ಮ್ಯಾಲಿನ ಬಟನ್ ತಗಸಬ್ಯಾಡ್ರಿ

ಅಕ್ಕಾರ, ವೈನ್ಯಾರ, ಚಿಕ್ಕೋಡಿ, ನಿಪ್ಪಾಣ್ಯಾಗ ಹೊಸಾ ಮನಿ ಕಟ್ಟಾವ್ರೆಲ್ಲಾ ಈಗ ಸ್ಮಾರ್ಟ್ ಹೋಮ್ ಅನ್ನಾಕ ಹತ್ಯಾರ. ಅಲೆಕ್ಸಾ ಛಲೋನೋ ಗೂಗಲ್ ಛಲೋನೋ ಅಂತ ಗಂಡಸರು ಪಡಸಾಲ್ಯಾಗ ಕುಂತು ವಾದಾ ಮಾಡ್ತಾರ. ದಿನಾ ಹತ್ತ ಸಲ ಲೈಟ್ ಹಚ್ಚಿ ಆರಸೂ ಹೆಣಮಕ್ಕಳನ್ನ ಒಬ್ಬರೂ ಕೇಳಂಗಿಲ್ಲ.

ನಾ ಕೇಳೂದು ಇಷ್ಟ: ಆ ಡಬ್ಬಿಗಿ ಕನ್ನಡ ಬರ್ತೈತೇನು? ಅಲೆಕ್ಸಾ 2019ರಾಗ ಹಿಂದಿ ಕಲೀತು, ಕನ್ನಡದ ಪಾಳಿ ಇನ್ನೂ ಬಂದಿಲ್ಲ. ನಮ್ಮತ್ತಿ ಅರ್ಧಾ ಕನ್ನಡ, ಅರ್ಧಾ ಮರಾಠಿ ಮಾತಾಡಾಕಿ. ಲೈಟ್ ಹಚ್ಚೂ ಸಲುವಾಗಿ ಆಕಿ ಈ ವಯಸ್ಸಿನ್ಯಾಗ ಹಿಂದಿ ಕಲೀಬೇಕಂತೇನು?

ಇನ್ನ ಅದರ ತಲಿ ಮನ್ಯಾಗ ಇರಂಗಿಲ್ಲ, ಎಲ್ಲೋ ದೂರದ ಕಂಪನಿ ಸರ್ವರಿನ್ಯಾಗ ಇರ್ತೈತಿ. ಅಮೆರಿಕಾದ ಇನ್‌ಸ್ಟಿಯಾನ್ ಕಂಪನಿ 2022ರ ಏಪ್ರಿಲ್‌ನ್ಯಾಗ ಹೇಳದ ಕೇಳದ ಸರ್ವರ್ ಬಂದ್ ಮಾಡ್ತು. ರೊಕ್ಕಾ ಕೊಟ್ಟು ತಂದ ಹಬ್ ಮನ್ಯಾಗ ಇತ್ತು, ಆ್ಯಪ್ ಸತ್ತಿತ್ತು.

ಅಥಣಿ, ರಾಯಬಾಗ ಕಡೆ ಕಬ್ಬಿನ ಹೊಲದಾಗಿನ ಮೊಬೈಲ್ ಸ್ಟಾರ್ಟರ್ ನೋಡ್ರಿ. ಅದರಾಗ ಒಂದು ಸಿಮ್, ಅಷ್ಟ. ಸಾದಾ ಫೋನಿನಿಂದ ಪಂಪ್ ಚಾಲೂ ಆಕ್ಕೈತಿ, ಹೊಲಕ್ಕ ಹೋದ್ರ ಕೈಲೆ ಬಟನ್ ಒತ್ತಾಕೂ ಬರ್ತೈತಿ. ಹೊಲದಾಗ ಇಷ್ಟು ಶಾಣ್ಯಾರಾಗಿರೂ ಗಂಡಸರು ಮನಿ ಅಂದಕೂಡ್ಲೇ ಯಾಕ ಮಳ್ಳ ಆಗ್ತಾರೋ!

ತರೂದಾದ್ರ ಮ್ಯಾಟರ್ ಅಂತ ಬರದದ್ದು ತರ್ರಿ. 2022ರಾಗ ಬಂದ ಪದ್ಧತಿ ಅದು. ಅಲೆಕ್ಸಾ, ಗೂಗಲ್, ಆಪಲ್ ಮೂರಕ್ಕೂ ಹೊಂದತೈತಿ. ಗೋಡಿ ಬಟನ್ ತಗದು ಬಿಡೂನ್ರಿ ಅಂತ ದುಕಾನದಾವ ಅಂದ್ರ ಹೂಂ ಅನಬ್ಯಾಡ್ರಿ. ಮತ್ತ ಪಾಸ್‌ವರ್ಡ್ ಮಗನ ಫೋನಿನ್ಯಾಗ ಅಷ್ಟ ಇರಬಾರ್ದು. ಅಂವ ನೌಕರಿಗಿ ಪುಣೆಕ್ಕ ಹೋದ ಮ್ಯಾಲ ಅಡಗಿಮನಿ ಲೈಟಿನ ಸಲುವಾಗಿ ಅವಗ ಫೋನ್ ಹಚ್ಕೋತ ಕುಂದ್ರಬೇಕೇನು?