ಮೀನು ಓಡದಿದ್ದರೆ ನೀರು ಒಳ್ಳೆಯದೇ?



ಮೊನ್ನೆ ಆದಿತ್ಯವಾರ ಪೂಜೆ ಮುಗಿದ ಮೇಲೆ ಇಗರ್ಜಿ ಅಂಗಳದಲ್ಲಿ ಒಂದು ಮಾತು ಎತ್ತಿದೆ: ಅಡಿಕೆಗೆ ಮದ್ದು ಬಿಟ್ಟ ಡ್ರಮ್ಮುಗಳನ್ನು ತೋಡಿನಲ್ಲಿ ತೊಳೆಯುವುದು ಬೇಡ. ಹಿರಿಯರೊಬ್ಬರು ನಕ್ಕರು. "ಮೀನು ಆಡುತ್ತಾ ಇದೆಯಲ್ಲ ಮಾರಾಯ! ನೀರು ಕೆಟ್ಟರೆ ಅವೇ ಮೊದಲು ಓಡುತ್ತವೆ."

ಓಡುತ್ತವೆ, ನಿಜ. 1960ರ ದಶಕದಲ್ಲಿ ಕೆನಡಾದ ಮಿರಮಿಶಿ ನದಿಗೆ ತಾಮ್ರ-ಸತುವಿನ ಗಣಿಯ ಕೊಳಕು ಸೇರಿತು. ಮೊಟ್ಟೆ ಇಡಲು ನದಿ ಏರುತ್ತಿದ್ದ ಸಾಲ್ಮನ್ ಮೀನುಗಳಲ್ಲಿ ನೂರಕ್ಕೆ 10ರಿಂದ 22 ಹಿಂದೆ ತಿರುಗಿದವು. ಮೊದಲು ಹಾಗೆ ತಿರುಗುತ್ತಿದ್ದದ್ದು 1ರಿಂದ 3 ಮಾತ್ರ.

ಆದರೆ ಓಡಬೇಕಾದರೆ ಮೊದಲು ಗೊತ್ತಾಗಬೇಕು. ಮೀನಿನ ಮೂಗು ಉಸಿರಾಟಕ್ಕಲ್ಲ, ವಾಸನೆಗೆ. ಅದರೊಳಗಿನ ನರಕೋಶಗಳು ನೇರವಾಗಿ ನೀರಿಗೆ ತೆರೆದಿರುತ್ತವೆ. ತಾಮ್ರ ಕೆಡಿಸುವುದು ಅವನ್ನೇ. ಲೀಟರಿಗೆ 2 ಮೈಕ್ರೋಗ್ರಾಂ ತಾಮ್ರವಿದ್ದ ನೀರಿನಲ್ಲಿ 3 ಗಂಟೆ ಇಟ್ಟ ಕೋಹೊ ಸಾಲ್ಮನ್ ಮರಿಗಳಿಗೆ ವಾಸನೆ ಮಂದವಾಯಿತು. ಗಾಯಗೊಂಡ ಮೀನಿನ ಚರ್ಮದಿಂದ ಬರುವ ಅಪಾಯದ ವಾಸನೆಗೂ ಅವು ಸರಿಯಾಗಿ ಎಚ್ಚರಗೊಳ್ಳಲಿಲ್ಲ. ಇಷ್ಟೇ ತಾಮ್ರದಲ್ಲಿ ವಾರಗಟ್ಟಲೆ ಇದ್ದ ಚಿನೂಕ್ ಸಾಲ್ಮನ್‌ಗಳು ಆಮೇಲೆ ಹೆಚ್ಚು ತಾಮ್ರದ ನೀರಿನಿಂದಲೂ ದೂರ ಸರಿಯಲಿಲ್ಲ.

ಅಂದರೆ ಓಡದೆ ನಿಂತ ಮೀನು ನೀರಿಗೆ ಸರ್ಟಿಫಿಕೇಟ್ ಅಲ್ಲ. ಅದರ ಮೂಗೇ ಹೋಗಿರಬಹುದು. ಸಾಲ್ಮನ್ ನಮ್ಮ ತೋಡಿನ ಮೀನಲ್ಲ, ಪ್ರಮಾಣ ಸ್ವಲ್ಪ ಹೆಚ್ಚುಕಡಿಮೆ ಆದೀತು. ಆದರೆ ನಮ್ಮ ಮೀನಿನ ಮೂಗೂ ನೀರಿಗೆ ತೆರೆದದ್ದೇ.

"ಮಳೆ ಎಲ್ಲವನ್ನೂ ಕೊಚ್ಚಿಕೊಂಡು ಹೋಗುತ್ತದೆ" ಎನ್ನುವವರಿಗೆ ಒಂದು ಲೆಕ್ಕ. ಡ್ರಮ್ಮಿನ ತಳದಲ್ಲಿ ಉಳಿದ 10 ಗ್ರಾಂ ಮೈಲುತುತ್ತಿನಲ್ಲಿ ಸುಮಾರು 2.5 ಗ್ರಾಂ ತಾಮ್ರವಿದೆ. ಅದು ಕರಗಿ ಲೀಟರಿಗೆ 2 ಮೈಕ್ರೋಗ್ರಾಂಗೆ ಇಳಿಯಲು 12 ಲಕ್ಷ ಲೀಟರಿಗಿಂತ ಹೆಚ್ಚು ನೀರು ಬೇಕು. ಸುಣ್ಣ ಬೆರೆತರೆ ಕರಗುವ ತಾಮ್ರ ಕಡಿಮೆಯಾಗುತ್ತದೆ, ಒಪ್ಪುತ್ತೇನೆ. ಆದರೆ ಮೈಲುತುತ್ತು ಕರಗಿಸಿದ ಡ್ರಮ್ಮಿನಲ್ಲಿ ಸುಣ್ಣ ಎಲ್ಲಿದೆ?

ಮದ್ದು ಬಿಡಬೇಡಿ ಎಂದು ನಾನು ಹೇಳುತ್ತಿಲ್ಲ. ಕೊಳೆರೋಗ ಬಂದರೆ ವರ್ಷದ ಅನ್ನವೇ ಉದುರುತ್ತದೆ. ನನ್ನ ಬಿಎಸ್ಸಿ ಫೀಸು ಕಟ್ಟಿದ್ದೂ ಅಡಿಕೆಯೇ. ಕಳೆದ ವರ್ಷದವರೆಗೆ ನಾನೂ ತೋಡಿನಲ್ಲೇ ತೊಳೆದವನು. ಈಗ ಕೇಳುವುದು ಇಷ್ಟೇ: ಡ್ರಮ್ಮನ್ನು ತೋಟದಲ್ಲೇ ತೊಳೆಯಿರಿ, ಆ ನೀರನ್ನು ಮುಂದಿನ ಮದ್ದಿಗೆ ಸೇರಿಸಿ.

ಎಂಡೋಸಲ್ಫಾನ್ ಕಂಡ ಕಾಸರಗೋಡಿನವರು ನಾವು. "ಏನೂ ಆಗುವುದಿಲ್ಲ" ಎಂಬ ಮಾತಿನ ಬೆಲೆ ನಮಗಲ್ಲದೆ ಇನ್ಯಾರಿಗೆ ಗೊತ್ತು? ಈ ಸಲ ಆ ಮಾತು ನಮ್ಮ ಬಾಯಿಂದ ಬರುವುದು ಬೇಡ.